ತಪ್ಪಿಲ್ಲದ ಮೆಸೇಜು

ಸೂಪರ್ ಮಾರ್ಕೆಟ್ಟಿನ ಹಿಂದಿನ ಓಣಿಯ ಪ್ರೆಸ್ಸಿನಲ್ಲಿ
ಇಪ್ಪತ್ತಾರು ವರ್ಷ ಕರಡು ತಿದ್ದಿದ್ದೇನೆ.
ಲಗ್ನಪತ್ರಿಕೆ, ಜವಳದ ಕಾರ್ಡು, ಪುಣ್ಯಸ್ಮರಣೆ,
ಸೊಸೈಟಿಯ ರಸೀದಿ ಪುಸ್ತಕ.
ಜೇವರ್ಗಿಯ ವರನಿಗೆ ಸೇಡಂನ ವಧುವನ್ನು
ಒಂದು ಒತ್ತಕ್ಷರವೂ ಕೆಡದಂತೆ ಕೂಡಿಸಿದವಳು.
‘ಹಾರ್ಧಿಕ’ದ ಸೀಳಿದ ಹೊಟ್ಟೆ ಹೊಲಿದವಳು.

ಚಹಾದ ಜಗದೇವಿಗೆ ಓದು ಬಾರದು.
ಏಪ್ರಿಲ್ಲಿನ ಮಧ್ಯಾಹ್ನ, ಫ್ಯಾನು ಬಿಸಿಯನ್ನೇ
ಎಲ್ಲರಿಗೂ ಸಮನಾಗಿ ಹಂಚುತ್ತಿರುವಾಗ,
ಕುಪ್ಪಸದಿಂದ ಮೊಬೈಲು ತೆಗೆದು
“ಇದೇನಂತದ ನೋಡು ಯಕ್ಕಾ” ಅಂದಳು.

‘ನಿಮ್ಮ ಸಲ ಮಂಜುರು ಆಗಿದೆ ಕುಡಲೆ ಲಿಂಕ್ ಒತ್ತಿ’

ಏಳು ಪದ, ನಾಲ್ಕು ತಪ್ಪು.
“ದೀರ್ಘ ಕೊಡಾಕ ಬರದಾಂವ
ಸಾಲ ಎಲ್ಲಿಂದ ಕೊಡ್ತಾನ?” ಅಂದೆ.
ಕಟಿಂಗ್ ಮಷೀನಿನ ಖಾಸಿಂ ಚಾಚಾ
ಬಂದ ಗಿರಾಕಿಗಳಿಗೆಲ್ಲ ಎರಡು ದಿನ ಅದನ್ನೇ ಹೇಳಿ ನಕ್ಕ.
ನಾನು ಉಬ್ಬಿದೆ.
ಸುಳ್ಳಿಗೆ ಕಾಗುಣಿತ ಬರುವುದಿಲ್ಲ
ಎಂದು ಆವತ್ತಿನಿಂದ ನಂಬಿದೆ.

ನನಗೆ ಬಂದದ್ದು ಜೂನಿನಲ್ಲಿ.
ಲಗ್ನಗಳ ಹಂಗಾಮು ಮುಗಿದು
ಮೇಜಿನ ಮೇಲೆ ಧೂಳು ಮಾತ್ರ ಇತ್ತು.
ಎಡಗಣ್ಣಿನಲ್ಲಿ ಪೊರೆ ಬೆಳೆದು
‘ವ’ಕ್ಕೂ ‘ಪ’ಕ್ಕೂ ಜಗಳ ಹತ್ತಿತ್ತು.
ಧಣಿಗೆ ಹೇಳಿರಲಿಲ್ಲ. ಹೇಗೆ ಹೇಳಲಿ?
ಆಪರೇಷನ್ನಿಗೆ ಎಷ್ಟಾಗುತ್ತದೆಂದು
ರಾತ್ರಿ ರಸೀದಿಯ ಹಿಂಬದಿಯಲ್ಲಿ ಕೂಡಿಸಿ, ಕಳೆದು,
ಮತ್ತೆ ಕೂಡಿಸುತ್ತಿದ್ದೆ.

‘ಮಾನ್ಯರೇ, ತಮ್ಮ ವೈಯಕ್ತಿಕ ಸಾಲದ ಅರ್ಜಿ ಅಂಗೀಕೃತವಾಗಿದೆ.
ಪರಿಶೀಲನಾ ಶುಲ್ಕ ೧,೮೫೦ ರೂಪಾಯಿಗಳನ್ನು
ಸಂಜೆ ಆರು ಗಂಟೆಯೊಳಗೆ ಪಾವತಿಸಿ.’

ವೈಯಕ್ತಿಕ!
ಊರಿಗೆ ಊರೇ ‘ವೈಯುಕ್ತಿಕ’ ಎಂದು ಬರೆಯುವಾಗ,
ನನ್ನ ಪಾಸ್‌ಬುಕ್ಕಿನ ಮೊದಲ ಪುಟವೂ ಹಾಗೆಯೇ ಇರುವಾಗ,
ಇವನೊಬ್ಬ ಯಕಾರಕ್ಕೆ ಕೊಂಬು ಕೊಟ್ಟಿರಲಿಲ್ಲ.
ಅಲ್ಪವಿರಾಮ ಕೂರಬೇಕಾದಲ್ಲಿ ಕೂತಿತ್ತು.
ಇಷ್ಟು ಶುದ್ಧ ಬರೆಯುವವನು
ಮೋಸ ಮಾಡಿಯಾನೇ?
ಪಿನ್ನಿನ ನಾಲ್ಕಂಕಿಯಲ್ಲಿ ಮೂರು ಒತ್ತಿದ್ದೆ.

“ಯಾರಿಗಿ ರೊಕ್ಕ ಹಾಕ್ಲತಿ ಯಕ್ಕಾ?”
ಜಗದೇವಿ ಕಪ್ಪು ಇಟ್ಟು ನಿಂತಿದ್ದಳು.
ಓದಿ ಹೇಳಿದೆ, ಸ್ಪಷ್ಟವಾಗಿ,
ಪೂರ್ಣವಿರಾಮಕ್ಕೆ ಉಸಿರು ನಿಲ್ಲಿಸಿ.
ಅವಳಿಗೆ ವಿರಾಮ ಕೇಳಿಸಲಿಲ್ಲ. ರೊಕ್ಕ ಕೇಳಿಸಿತು.

“ಸಾಲ ಕೊಡಾಂವ ಮೊದಲ ನಿನ್ನ ಕೈಯಾಗಿಂದೇ ಇಸ್ಕೊಳ್ತಾನ?
ಚಾ ಕೊಡ್ತೀನಂತ ಹೇಳಿ
ಹಾಲಿನ ರೊಕ್ಕ ನಿನ್ನ ಕಡಿಂದೇ ಇಸ್ಕೊಂಡು
ನಾ ಕಿಟ್ಲಿ ಎತ್ಕೊಂಡು ಓಡಿಹೋದ್ರ?”

ನಾಲ್ಕನೆಯ ಅಂಕಿ ಬೆರಳಲ್ಲೇ ಉಳಿಯಿತು.

ಬ್ಯಾಂಕಿಗೆ ನಡೆದುಕೊಂಡೇ ಹೋದೆ.
ಕೌಂಟರಿನ ಹುಡುಗಿ ಮೆಸೇಜು ಪೂರ್ತಿ ಓದಲೂ ಇಲ್ಲ,
“ಅರ್ಜಿ ಯಾವಾಗ ಹಾಕಿದ್ರಿ ಅಮ್ಮಾ?” ಅಂದಳು.
ಹಾಕಿರಲೇ ಇಲ್ಲ.
ಇಪ್ಪತ್ತಾರು ವರ್ಷದಲ್ಲಿ ಇಷ್ಟು ದೊಡ್ಡ ತಪ್ಪು
ನನ್ನ ಕಣ್ಣು ತಪ್ಪಿಸಿಕೊಂಡು ಹೋದದ್ದಿಲ್ಲ.
ಅದಕ್ಕೆ ಪೊರೆಯನ್ನು ದೂರಲಾರೆ.

ಪ್ರೆಸ್ಸಿಗೆ ಮರಳಿದಾಗ ಐದೂಮುಕ್ಕಾಲು.
ಮೊಬೈಲು ಮತ್ತೆ ಮಿಡುಕಿತು.
‘ಇದೇ ಕೊನೆಯ ಅವಕಶ.’

ಅವಸರದಲ್ಲಿ ಅವನಿಗೂ ದೀರ್ಘ ಬಿಟ್ಟುಹೋಗಿತ್ತು.
ನನ್ನ ಕೈ, ನನ್ನನ್ನು ಕೇಳದೆ,
ಕೆಂಪು ಪೆನ್ನೆತ್ತಿ ಗಾಜಿನ ಮೇಲೆ ಗೀಟು ಹಾಕಿತು.

ಖಾಲಿ ಕಪ್ಪು ಎತ್ತುತ್ತ ಜಗದೇವಿ ಬೈದಳು:
“ಬಿಡು ಯಕ್ಕಾ,
ಕಳ್ಳರಿಗಿ ಸಾಲಿ ಕಲಿಸ್ತೀಯೇನು?”